ನಿಂತ ಮಷೀನಿಗಷ್ಟೇ ಕುಂಕುಮ

ಮೊನ್ನೆ ಆಯುಧ ಪೂಜೆಯ ದಿನ, ಬೆಳಿಗ್ಗೆ ಹತ್ತೂವರೆಗೆ, ನಮ್ಮ ಕಂಪನಿಯ ಹನ್ನೆರಡು ಎಸ್ಟೇಟುಗಳಲ್ಲಿ ಪುರಿ-ಬೂಂದಿ ಹಂಚುವ ಕೆಲಸ ಇದ್ದಕ್ಕಿದ್ದಂತೆ ನಿಂತುಹೋಯಿತು. ಅತ್ತ ಹೆತ್ತೂರು, ಬಿಸಿಲೆ, ಇತ್ತ ಮಾರನಹಳ್ಳಿ, ಆ ಕಡೆ ಆಲೂರು. ಎಲ್ಲ ಸ್ಟೋರುಗಳ ಮುಂದೂ ಹೊಸ ಸೀರೆ ಉಟ್ಟ ಹೆಂಗಸರು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಗಂಡಸರು ಕೈಯಲ್ಲಿ ಕಾರ್ಡ್ ಹಿಡಿದು ಸಾಲಿನಲ್ಲೇ ಬಾಕಿಯಾದರು.

ನಿಲ್ಲಿಸಿದ್ದು ಯಾರು? ನಾನು.

(ಬಟನ್ ಒತ್ತಿದ ಬೆರಳು ನನ್ನದಲ್ಲ. ಆದರೆ ‘ಇದನ್ನೇ ಒತ್ತಿ’ ಅಂತ ಜಂಬದಿಂದ ತೋರಿಸಿದ ಬೆರಳು ನನ್ನದೇ.)

ಈ ಅಂಕಣ ಓದುವ ನಿಮಗೆ ನನ್ನ ಹೊಟ್ಟೆಪಾಡು ಗೊತ್ತು. ಸಕಲೇಶಪುರದಲ್ಲಿ ಒಂದು ಕಾಫಿ ಕಂಪನಿಯ ಹೆಡ್ ಆಫೀಸಿನ ಸರ್ವರ್ ರೂಮು ನನ್ನ ಸುಪರ್ದಿಯಲ್ಲಿದೆ. ಹೊರಗೆ ಎಲ್ಲರೂ ‘ಎಷ್ಟು ತಂಪು ಹವಾ’ ಅಂತ ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ನಾನು ಒಳಗೆ ಎ.ಸಿ. ಹಾಕಿಕೊಂಡು ಸ್ವೆಟರ್ ತೊಟ್ಟು ಕೂತಿರುತ್ತೇನೆ. ಮಷೀನುಗಳಿಗೆ ಸೆಕೆ. ನನಗೆ ನೆಗಡಿ.

ಆ ರೂಮಿಗೆ ಪ್ರಾಣ ಕೊಡುವವರು ಇನ್ನೊಬ್ಬರಿದ್ದಾರೆ. ಮಲ್ಲೇಶಪ್ಪ. ಹೆತ್ತೂರಿನ ಕಡೆಯವರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಹೆಗಲ ಮೇಲೆ ಡೀಸೆಲ್ ವಾಸನೆಯ ಟವೆಲು. ಮೊದಲು ಎಸ್ಟೇಟ್ ಸ್ಟೋರಿನಲ್ಲಿ ಕಾಫಿ ಮೂಟೆ ಎಣಿಸುತ್ತಿದ್ದರು, ಆಮೇಲೆ ಹೆಡ್ ಆಫೀಸಿನ ಜನರೇಟರಿಗೆ ಬಂದರು. ನಮ್ಮ ಕಡೆ ಕರೆಂಟಿನ ಕಥೆ ನಿಮಗೇನು ಹೇಳಬೇಕೆ? ಮರ ಬಿದ್ದರೆ ಹೋಯಿತು, ಗಾಳಿ ಬಂದರೆ ಹೋಯಿತು, ಏನೂ ಆಗದಿದ್ದರೂ ಹೋಯಿತು. ಹೋದಾಗಲೆಲ್ಲ ಮಲ್ಲೇಶಪ್ಪ ಜನರೇಟರ್ ಹಚ್ಚಿದ್ದಾರೆ. ಈ ತಿಂಗಳ ಕೊನೆಗೆ ಅವರಿಗೆ ರಿಟೈರ್‌ಮೆಂಟು.

ಹೋಗುವ ಮೊದಲು ಅವರಿಗೆ ಎರಡು ಆಸೆಗಳಿದ್ದವು. ಒಂದು, ತಾನು ಹೋದಮೇಲೆ ಜನರೇಟರ್ ನೋಡಿಕೊಳ್ಳಲು ಯಾರಿಗಾದರೂ ಕಲಿಸುವುದು. ಇನ್ನೊಂದು, ನನ್ನ ಸರ್ವರುಗಳಿಗೆ ಒಮ್ಮೆಯಾದರೂ ಆಯುಧ ಪೂಜೆ ಮಾಡುವುದು.

ಮೊದಲನೆಯದಕ್ಕೆ ಎಲ್ಲರೂ ‘ಆಯ್ತು, ನೋಡೋಣ’ ಅಂದಿದ್ದೆವು. ನಾನೂ ಅಂದಿದ್ದೆ. ಎರಡು ಸಲ. ಎರಡನೆಯ ಸಲ ಅವರ ಮುಖ ಸಣ್ಣಗಾಗಿದ್ದನ್ನು ನೋಡಿಯೂ ನೋಡದವಳಂತೆ ಟೀ ಕುಡಿದಿದ್ದೆ. ಏನು ಮಹಾ, ಕೀ ತಿರುಗಿಸಿದರೆ ಜನರೇಟರ್ ಹತ್ತಿಕೊಳ್ಳುತ್ತದೆ, ಅದಕ್ಕೊಂದು ಪಾಠವೇ?

ಎರಡನೆಯ ಆಸೆಗೆ ಮಾತ್ರ ವರ್ಷವರ್ಷವೂ ಜಗಳ ನಡೆಯುತ್ತಿತ್ತು. ಮಲ್ಲೇಶಪ್ಪನವರ ಕಾನೂನು ಬಹಳ ಕಟ್ಟುನಿಟ್ಟು. ಓಡುತ್ತಿರುವ ಮಷೀನಿಗೆ ಕುಂಕುಮ ಇಡುವ ಹಾಗಿಲ್ಲ. ಹಿಂದಿನ ದಿನ ತೊಳೆಯಬೇಕು, ಪೂಜೆಯ ದಿನ ನಿಲ್ಲಿಸಬೇಕು, ಅದು ತಣ್ಣಗಾಗಬೇಕು, ಆಮೇಲೆ ಕುಂಕುಮ. ಜೀಪು, ಪಂಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು, ತೂಕದ ಮಷೀನು, ಕೊನೆಗೆ ಆಫೀಸಿನ ಮಿಕ್ಸಿಗೂ ಇದೇ ರೂಲು. ನನ್ನ ಸರ್ವರುಗಳು ನಿಲ್ಲುವುದೇ ಇಲ್ಲವಲ್ಲ! ಹಾಗಾಗಿ ಪ್ರತಿ ವರ್ಷವೂ ಗಾಜಿನ ಬಾಗಿಲಿನ ಹೊರಗಿನಿಂದಲೇ ಊದುಬತ್ತಿ ತೋರಿಸಿ ಹೋಗುತ್ತಿದ್ದರು. ಹೋಗುವಾಗ ಒಂದು ಮಾತು.

“ಒಂದಿನ ರಜಾ ಕೊಡ್ದಂಗೆ ದುಡಿಸ್ತೀರಲ್ಲಮ್ಮ, ಪಾಪ ಅಲ್ವಾ?”

ಈ ವರ್ಷ ನಾನೇ ಅವರನ್ನು ಕರೆದೆ. “ಮಲ್ಲೇಶಪ್ನೋರೆ, ಈ ಸಲ ನಿಲ್ಲಿಸೋಣ. ಆದ್ರೆ ಒಂದು ಸೆಕೆಂಡೂ ಏನೂ ನಿಲ್ಲಲ್ಲ.”

ಅವರು ನನ್ನನ್ನೇ ನೋಡಿದರು. ಜ್ವರ ಬಂದಿದೆಯೇ ಅನ್ನುವ ಹಾಗೆ.

ವಿಷಯ ಇಷ್ಟೇ. ಮೊದಲು ನಮ್ಮಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸರ್ವರ್ ಇತ್ತು. ಹಾಜರಿಗೊಂದು, ಸ್ಟೋರಿಗೊಂದು, ಮಳೆ ಲೆಕ್ಕಕ್ಕೊಂದು, ಹೀಗೆ ಹನ್ನೊಂದು. ಅರ್ಧಕ್ಕರ್ಧ ಸುಮ್ಮನೆ ಕೂತು ಕರೆಂಟ್ ತಿನ್ನುತ್ತಿದ್ದವು. ಎರಡು ವರ್ಷದ ಕೆಳಗೆ ಅವನ್ನೆಲ್ಲ ತೆಗೆದು ಮೂರು ದೊಡ್ಡ ಸರ್ವರ್ ತಂದೆವು. ಆ ಹನ್ನೊಂದೂ ಈಗ ಇವುಗಳ ಒಳಗೆ ‘ವರ್ಚುವಲ್’ ಆಗಿ ಬದುಕಿವೆ. ಪ್ರತಿಯೊಂದೂ ತಾನೇ ಒಂದು ಪೂರ್ತಿ ಕಂಪ್ಯೂಟರ್ ಅಂದುಕೊಂಡಿದೆ. ಪಕ್ಕದಲ್ಲಿ ಇನ್ನೊಬ್ಬರಿದ್ದಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಇದನ್ನು ಮಲ್ಲೇಶಪ್ಪನವರಿಗೆ ಹೇಳುವುದು ಹೇಗೆ? ಎಸ್ಟೇಟಿನ ಲೈನ್ ಮನೆ ಇದೆಯಲ್ಲ, ಅದನ್ನೇ ಹಿಡಿದೆ. ಒಂದೇ ಉದ್ದನೆಯ ಕಟ್ಟಡ, ಒಂದೊಂದು ಬಾಗಿಲಿಗೆ ಒಂದೊಂದು ಸಂಸಾರ. ಆದರೆ ಇಲ್ಲಿ ಸಂಸಾರಗಳ ಸಾಮಾನು ಮನೆಯೊಳಗಿಲ್ಲ. ಎಲ್ಲರ ಟ್ರಂಕೂ ಒಂದೇ ದೊಡ್ಡ ಸ್ಟೋರಿನಲ್ಲಿದೆ. ಆ ಸ್ಟೋರಿಗೆ ‘ಸ್ಟೋರೇಜ್’ ಅಂತಲೇ ಹೆಸರು. ಅದು ಮೂರಕ್ಕೂ ಸೇರಿದ್ದು.

“ಸಾಮಾನು ಹೊರಂಗಿಲ್ಲ ಅನ್ನಿ. ಹಂಗಾದ್ರೆ ಈ ಲೈನಿಂದ ಆ ಲೈನ್‌ಗೆ ಎದ್ದು ಹೋಗಕ್ಕೆ ಎಷ್ಟೊತ್ತು?” ಅಂದರು ಮಲ್ಲೇಶಪ್ಪ.

ನೋಡಿ, ನಾನು ಮ್ಯಾನೇಜರ್ ಸಾಹೇಬರಿಗೆ ನಲವತ್ತು ಸ್ಲೈಡ್ ಹಾಕಿ ವಿವರಿಸಿದ್ದು ಇವರಿಗೆ ಒಂದೇ ಮಾತಿನಲ್ಲಿ ಹೊಳೆದಿತ್ತು. ಒಂದು ಸರ್ವರಿನ ಸಂಸಾರಗಳನ್ನು ಓಡುತ್ತಿದ್ದ ಹಾಗೆಯೇ ಉಳಿದೆರಡಕ್ಕೆ ಸಾಗಿಸುವುದು, ಖಾಲಿಯಾದದ್ದನ್ನು ನಿಲ್ಲಿಸುವುದು, ಪೂಜೆ ಮಾಡುವುದು, ಮತ್ತೆ ಹಚ್ಚಿ ಮುಂದಿನದಕ್ಕೆ ಹೋಗುವುದು. ಯಾರಿಗೂ ತಿಳಿಯುವುದಿಲ್ಲ.

ಮ್ಯಾನೇಜರ್ ಸಾಹೇಬರು ಒಪ್ಪಿದರು. ಒಂದು ಷರತ್ತು ಹಾಕಿ. “ನೋಡಮ್ಮ, ಈ ವರ್ಷ ಮೊದಲ ಸಲ ಕಾರ್ಡ್ ತೋರಿಸಿ ಪುರಿ-ಬೂಂದಿ, ಟಿಫಿನ್ ಡಬ್ಬಿ ಕೊಡ್ತಾ ಇದೀವಿ. ಹೋದ ವರ್ಷ ಒಬ್ಬರಿಗೆ ಎರಡು, ಒಬ್ಬರಿಗೆ ಇಲ್ಲ ಅಂತ ರಾಮಾಯಣ ಆಗಿತ್ತು. ಅದೇನಾದ್ರೂ ನಿಂತರೆ ಇನ್ಮೇಲೆ ಸರ್ವರ್ ರೂಮಲ್ಲಿ ಪೂಜೆ ಅನ್ನೋ ಮಾತೇ ಎತ್ತಬೇಡ.”

“ನಿಲ್ಲಲ್ಲ ಸರ್” ಅಂದೆ. ಎಂಥ ಧೈರ್ಯ ನೋಡಿ ನನಗೆ!

ಹಬ್ಬದ ದಿನ ಆಫೀಸಿನ ತುಂಬ ಚೆಂಡುಹೂವಿನ ಘಮ. ಬಾಗಿಲಿಗೆ ಮಾವಿನ ಸೊಪ್ಪು, ಬಾಳೆಕಂದು. ಜೀಪು ಆಗಲೇ ಹಾರ ಹಾಕಿಕೊಂಡು ಮದುಮಗನಂತೆ ನಿಂತಿತ್ತು. ಕೆಳಗಿನ ಶೆಡ್ಡಿನಲ್ಲಿ ಜನರೇಟರಿಗೂ ಬೆಳಿಗ್ಗೆಯೇ ಪೂಜೆ ಮುಗಿದು, ಕುಂಬಳಕಾಯಿ ಒಡೆದಾಗಿತ್ತು. ಮಲ್ಲೇಶಪ್ಪ ಬಿಳಿ ಪಂಚೆ ಉಟ್ಟು, ತಟ್ಟೆ ಹಿಡಿದು, ಮೊದಲ ಸಲ ಗಾಜಿನ ಬಾಗಿಲು ದಾಟಿ ಪೂಜೆಗೆಂದು ಒಳಗೆ ಬಂದರು. (ಊದುಬತ್ತಿ ಹಚ್ಚಬಾರದು ಅಂದಿದ್ದೆ. ಹೊಗೆ ಕಂಡರೆ ಕೂಗುವ ಅಲಾರಂ ಇದೆ. “ದೇವ್ರಿಗೆ ಮೂಗು ಬಾರಿ ಚುರುಕು, ಹಚ್ದೆ ಇದ್ರೂ ಗೊತ್ತಾಯ್ತದೆ” ಅಂತ ಹಾಗೇ ಸಿಗಿಸಿಟ್ಟರು.)

ಕಪಾಟಿನ ಹಾಗಿರುವ ರ‍್ಯಾಕಿನಲ್ಲಿ ಮೂರು ಸರ್ವರ್ ಒಂದರ ಮೇಲೊಂದು. ಎಲ್ಲಕ್ಕಿಂತ ಕೆಳಗೆ ಸ್ಟೋರೇಜ್ ಪೆಟ್ಟಿಗೆ. ಸರ್ವರುಗಳ ಮೇಲೆ 1, 2, 3 ಅಂತ ಚೀಟಿ. ಒಂದನೆಯದನ್ನು ಖಾಲಿ ಮಾಡಿದೆ. ಪರದೆಯ ಮೇಲೆ ಸಂಸಾರಗಳು ಒಂದೊಂದಾಗಿ ಎದ್ದು ಪಕ್ಕದ ಲೈನಿಗೆ ಹೋದವು. ನೋಡಲು ಎರಡು ಕಣ್ಣು ಸಾಲದು.

“ಒಂದನೇದು ಖಾಲಿ ಮಲ್ಲೇಶಪ್ನೋರೆ. ನೀವೇ ಆರಿಸಿ” ಅಂದೆ. ‘1’ ಅನ್ನುವ ಚೀಟಿ ಇದ್ದ ಸರ್ವರಿನ ಬಟನ್ ತೋರಿಸಿದೆ. “ಇದನ್ನೇ ಒತ್ತಿ. ಆರುವ ತನಕ ಬಿಡಬೇಡಿ.”

ಅವರು ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಒತ್ತಿದರು. ದೀಪ ಆರಿತು. ಫ್ಯಾನು ನಿಂತಿತು.

ಪರದೆಯ ಮೇಲೆ ಮೂರನೆಯ ಸರ್ವರ್ ಕೆಂಪಗಾಯಿತು.

ಮೂರನೆಯದು! ಸಂಸಾರ ತುಂಬಿದ್ದ, ಪುರಿ-ಬೂಂದಿಯ ಕಾರ್ಡ್ ಓದುತ್ತಿದ್ದ ಮೂರನೆಯದು. ತಟ್ಟನೆ ಚೀಟಿಗಳತ್ತ ತಿರುಗಿದೆ.

“ಮಲ್ಲೇಶಪ್ನೋರೆ, ನಿನ್ನೆ ತೊಳೀವಾಗ ಈ ಚೀಟಿ ಮುಟ್ಟಿದ್ರಾ?”

“ಒರೆಸ್ದೆ ಅಷ್ಟೆಯ. ಚೀಟಿ ಎಲ್ಲಾ ಮುದುರ್ಕಂಡಿದ್ವು. ಕಿತ್ತು, ಗೋಂದು ಹಚ್ಚಿ ನೀಟಾಗಿ ಅಂಟಿಸ್ದೆ. ಯಾಕಮ್ಮ?”

“ಒಂದನೇದು ಮೇಲಿತ್ತಲ್ರೀ!”

“ಮೇಲಾ?” ಅವರಿಗೆ ನಿಜಕ್ಕೂ ಆಶ್ಚರ್ಯ. “ಮೂಟೆ ಅಟ್ಟಿ ಹಾಕಾಗ ಒಂದನೇದು ಕೆಳಗಿಂದಲ್ವಾ? ಮೇಲಿಂದ ಯಾರಮ್ಮ ಎಣಿಸ್ತಾರೆ?”

ಯಾರು ಎಣಿಸುತ್ತಾರೆ? ನನ್ನಂಥ ಕಾಲೇಜಿನಲ್ಲಿ ಕಲಿತವರು ಎಣಿಸುತ್ತಾರೆ. ಕಾಫಿ ಮೂಟೆ ಅಟ್ಟಿ ಹಾಕಿದವರು ಎಣಿಸುವುದಿಲ್ಲ. ಪರದೆಯಲ್ಲಿ ಒಂದು ಗುಂಡಿ ಒತ್ತಿದ್ದರೆ ಸರಿಯಾದ ಸರ್ವರಿನ ಮೇಲೆ ನೀಲಿ ದೀಪ ಮಿನುಗುತ್ತಿತ್ತು. ಅನುಮಾನ ಇದ್ದರೆ ತಾನೆ ಒತ್ತುವುದು? ನನಗೆಲ್ಲಿಯ ಅನುಮಾನ!

ಫೋನು ಬಡಿದುಕೊಂಡಿತು. ಹೆತ್ತೂರಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ರುದ್ರೇಶ. “ಮೇಡಂ, ಕಾರ್ಡ್ ಇಟ್ರೆ ಸುಮ್ನೆ ಸುತ್ತುತಾ ಐತೆ. ಜನ ಎಲ್ಲಾ ನನ್ ಮಕಾನೇ ನೋಡ್ತಾವ್ರೆ. ಏನ್ ಮಾಡ್ಲಿ?”

“ಎರಡು ನಿಮಿಷ ರುದ್ರೇಶ.”

ಹಾಗಂದು ನಾನು ಮಾಡಿದ್ದೇನು ಗೊತ್ತೆ? ಏನೂ ಇಲ್ಲ. ಕೈ ಕಟ್ಟಿ ಪರದೆ ನೋಡುತ್ತ ಕೂತೆ. ಯಾಕೆಂದರೆ ಮಾಡುವವರು ಬೇರೆ ಇದ್ದರು. ಲೈನ್ ಬಿದ್ದುಹೋದರೂ ಟ್ರಂಕುಗಳೆಲ್ಲ ಸ್ಟೋರಿನಲ್ಲಿ ಭದ್ರವಾಗಿದ್ದವಲ್ಲ! ಮೂರನೆಯದರ ಸಂಸಾರಗಳನ್ನು ಎರಡನೆಯ ಸರ್ವರ್ ಒಂದೊಂದಾಗಿ ಕೈಹಿಡಿದು ಎಬ್ಬಿಸತೊಡಗಿತು. ಹಾಜರಿ ಎದ್ದಿತು. ಮಳೆ ಲೆಕ್ಕ ಎದ್ದಿತು. ಸ್ಟೋರ್ ಎದ್ದಿತು. ಪಕ್ಕದಲ್ಲಿ ಮಲ್ಲೇಶಪ್ಪ ತಟ್ಟೆ ಹಿಡಿದು ಕಲ್ಲಾಗಿ ನಿಂತಿದ್ದರು. ನಾಲ್ಕನೆಯ ನಿಮಿಷಕ್ಕೆ ಮತ್ತೆ ರುದ್ರೇಶನ ಫೋನು.

“ಬಂತು ಮೇಡಂ, ಬಂತು! ನಾನು ಅಷ್ಟ್ರೊಳಗೆ ಬಾಯಲ್ಲೇ ಹೆಸ್ರು ಕೂಗಿ ಏಳು ಜನಕ್ಕೆ ಕೊಟ್ಬುಟ್ಟೆ.”

ಖುಷಿಗೆ ನಾನು ಕುರ್ಚಿಯ ಸಮೇತ ಒಂದು ಸುತ್ತು ತಿರುಗಿದೆ. (ಚಕ್ರದ ಕುರ್ಚಿಯ ಏಕೈಕ ಉಪಯೋಗ.) ಎರಡು ವರ್ಷದಿಂದ ‘ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳುತ್ತದೆ’ ಅಂತ ಕಂಡಕಂಡವರಿಗೆ ಹೇಳಿದ್ದೆ. ಕಣ್ಣಾರೆ ಕಂಡಿದ್ದು ಅವತ್ತೇ ಮೊದಲು.

ಮ್ಯಾನೇಜರ್ ಸಾಹೇಬರಿಗೆ ನಾನೇ ಫೋನ್ ಮಾಡಿದೆ. ಅವರು ಆಲೂರಿನ ಎಸ್ಟೇಟಿನ ಪೂಜೆಯಲ್ಲಿದ್ದರು. “ಸರ್, ನಿಂತಿತ್ತು. ನಾಲ್ಕು ನಿಮಿಷ. ಚೀಟಿ ಅದಲುಬದಲಾಗಿತ್ತು, ನೋಡದೆ ಆರಿಸಿದ್ದು ನನ್ನದೇ ತಪ್ಪು.”

“ಹೂಂ. ಆಮೇಲೆ?”

“ಆಮೇಲೆ ತಾನಾಗೇ ಎದ್ದಿತು.”

ಆ ಕಡೆ ಜಾಗಟೆಯ ಸದ್ದಿನ ನಡುವೆ ಅವರ ದನಿ ಏರಿತು. “ತಾನಾಗೇ? ಯಾರೂ ಮುಟ್ಟದೆ? ಪರವಾಗಿಲ್ವೇ! ಆಯ್ತು, ಪೂಜೆ ಮುಗಿಸಿ. ಚೀಟಿ ಮಾತ್ರ ನೋಡ್ಕೊಳ್ಳಿ” ಅಂದರು.

ಚೀಟಿ ಸರಿ ಮಾಡಿದೆವು. ಈ ಸಲ ನೀಲಿ ದೀಪ ಮಿನುಗಿಸಿ, ಇಬ್ಬರೂ ಬೆರಳಿಟ್ಟು ನೋಡಿ, ಒಂದೊಂದಾಗಿ ಮೂರನ್ನೂ ನಿಲ್ಲಿಸಿ ಹಚ್ಚಿದೆವು. ಯಾವ ಎಸ್ಟೇಟಿನಿಂದಲೂ ಫೋನು ಬರಲಿಲ್ಲ. ಮೂರಕ್ಕೂ ಕುಂಕುಮ, ಮೂರಕ್ಕೂ ಒಂದೊಂದು ಸೇವಂತಿಗೆ. ಮಲ್ಲೇಶಪ್ಪನವರ ಮುಖ ಅರಳಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಡೆ ಹಂಚಿಕೆಯೂ ಮುಗಿಯಿತು.

ಅಲ್ಲಿಗೆ ಮುಗಿಸಬಹುದಿತ್ತು. ಅವರು ಬಗ್ಗಿ ಕೆಳಗಿನ ಪೆಟ್ಟಿಗೆ ನೋಡಿದರು. “ಇದಕ್ಕೆ?”

“ಅದು ಸ್ಟೋರೇಜು. ಅದನ್ನ ನಿಲ್ಲಿಸೋ ಹಾಗಿಲ್ಲ. ಎಲ್ಲರ ಟ್ರಂಕೂ ಅಲ್ಲೇ ಇದೆ. ಅದು ನಿಂತ್ರೆ ಎಲ್ಲಾ ನಿಂತ ಹಾಗೆ.”

ಅವರು ರ‍್ಯಾಕಿನ ಹಿಂದಕ್ಕೆ ಹೋದರು. ಟವೆಲು ಸರಿಸಿಕೊಂಡು, ಮಂಡಿಯೂರಿ ನೋಡಿದರು. “ಎರಡೆರಡು ವೈರು ಐತಲ್ಲಮ್ಮ. ಒಳಗೂ ಎರಡು ಭಾಗ ಇದ್ದಂಗೈತೆ.”

ಹೌದು. ಎರಡು ಕಂಟ್ರೋಲರ್. ಡಿಸ್ಕುಗಳು ಒಂದೇ, ನಡೆಸುವವರು ಇಬ್ಬರು. ಒಬ್ಬ ಮಲಗಿದರೆ ಇನ್ನೊಬ್ಬ ನೋಡಿಕೊಳ್ಳುತ್ತಾನೆ.

“ನೋಡ್ಕಂತಾನಾ?”

“ನೋಡ್ಕೊಳ್ತಾನೆ ಅಂತ ಪುಸ್ತಕದಲ್ಲಿದೆ.”

“ಪುಸ್ತಕ ಬುಡಿ. ನೀವು ನೋಡಿದೀರಾ?”

ನಾನು ನೋಡಿರಲಿಲ್ಲ. ಎರಡು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಹೆದರಿಕೆ. ನೋಡಲು ಹೋಗಿ ಏನಾದರೂ ಆದರೆ? ಹಾಗಂತ ಸುಮ್ಮನಿದ್ದೆ. ಮ್ಯಾನೇಜರ್ ಸಾಹೇಬರಿಗೆ ಬರೆದುಕೊಟ್ಟ ಕಾಗದದಲ್ಲಿ ಮಾತ್ರ ‘ಕೆಲಸ ಮಾಡುತ್ತದೆ’ ಅಂತ ಮುದ್ದಾಗಿ ಟೈಪ್ ಮಾಡಿದ್ದೆ. ಮಲ್ಲೇಶಪ್ಪನವರ ಮುಂದೆ ನನಗೆ ನಾಚಿಕೆಯಾಯಿತು.

ಬ್ಯಾಕಪ್ ಪೂರ್ತಿ ಆಗಿದೆಯೇ ಅಂತ ಎರಡು ಸಲ ನೋಡಿಕೊಂಡೆ. ಸಾಹೇಬರಿಗೆ ಹೇಳಿ ಒಪ್ಪಿಗೆ ತೆಗೆದುಕೊಂಡೆ. ಎಡಗಡೆಯ ಕಂಟ್ರೋಲರನ್ನು ನಿಲ್ಲಿಸಿದೆ. ಪರದೆ ಒಂದು ಉಸಿರಿನಷ್ಟು ಹೊತ್ತು ತಡವರಿಸಿತು. ಆಮೇಲೆ ಎಲ್ಲವೂ ಮೊದಲಿನ ಹಾಗೆ ನಡೆಯಿತು, ಏನೂ ಆಗಿಲ್ಲವೆನ್ನುವಂತೆ.

ಮಲ್ಲೇಶಪ್ಪ ಪೆಟ್ಟಿಗೆಯ ಎಡ ಅರ್ಧಕ್ಕೆ ಮಾತ್ರ ಕುಂಕುಮ ಇಟ್ಟರು. ಬಲ ಅರ್ಧ ಓಡುತ್ತಿತ್ತಲ್ಲ, ಕಾನೂನು ಕಾನೂನೇ. ಎಡದ್ದನ್ನು ಹಚ್ಚಿ, ಅದು ಪೂರ್ತಿ ಎದ್ದಮೇಲೆ ಬಲದ್ದನ್ನು ನಿಲ್ಲಿಸಿದೆ. ಬಲಕ್ಕೂ ಕುಂಕುಮ ಬಿತ್ತು. ನಮ್ಮ ಜಿಲ್ಲೆಯಲ್ಲೇ ಇಷ್ಟು ಶಾಸ್ತ್ರೋಕ್ತವಾಗಿ ಪೂಜೆ ಮಾಡಿಸಿಕೊಂಡ ಸ್ಟೋರೇಜ್ ಇನ್ನೊಂದು ಇರಲಿಕ್ಕಿಲ್ಲ.

“ಪುರಿ ತಗಂಬತ್ತೀನಿ” ಅಂತ ಅವರು ಹೊರಗೆ ಹೋದರು. ಐದು ನಿಮಿಷಕ್ಕೆ ಕರೆಂಟ್ ಹೋಯಿತು.

ಯು.ಪಿ.ಎಸ್. ಕೀಂ ಕೀಂ ಅಂದಿತು. ಅದು ಇಪ್ಪತ್ತು ನಿಮಿಷ ತಡೆಯುತ್ತದೆ. ನಾನು ಆರಾಮಾಗಿ ಬೂಂದಿ ತಿನ್ನುತ್ತ ಕೂತೆ. ಐದು ನಿಮಿಷವಾದರೂ ಜನರೇಟರಿನ ಸದ್ದಿಲ್ಲ. ಹತ್ತು ನಿಮಿಷ. ಇಲ್ಲ. ಶೆಡ್ಡಿಗೆ ಓಡಿದೆ.

ಮಲ್ಲೇಶಪ್ಪ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಪುರಿ ತಿನ್ನುತ್ತಿದ್ದರು.

“ಮಲ್ಲೇಶಪ್ನೋರೆ! ಕರೆಂಟ್ ಹೋಗಿದೆ, ಏಳ್ರೀ!”

“ನಾನು ಇವತ್ತು ನಿಂತಿರೋ ಮಷೀನು ಕಣಮ್ಮ. ನೀವು ಹಚ್ಚಿ.”

ತಮಾಷೆ ಅಂದುಕೊಂಡೆ. ಅವರು ಇನ್ನೊಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡರು. ಸರಿ, ಕೀ ತಿರುಗಿಸಿದರಾಯಿತಲ್ಲ! ತಿರುಗಿಸಿದೆ. ಕುರ್ ಕುರ್ ಅಂದು ಸುಮ್ಮನಾಯಿತು. ಇನ್ನೊಮ್ಮೆ. ಕುರ್ ಕುರ್. ಹನ್ನೆರಡು ನಿಮಿಷವಾಗಿತ್ತು. ನನಗೆ ಕೋಪ ನೆತ್ತಿಗೇರಿತು.

“ಏನಾಗಿದೆ ಇದಕ್ಕೆ? ಹೇಳ್ರೀ!”

“ನಿಂತಿರೋ ಮಷೀನು ಮಾತಾಡಾಂಗಿಲ್ಲ.”

ಹುಡುಕಿದೆ. ಬ್ಯಾಟರಿ ಸರಿಯಿತ್ತು. ಡೀಸೆಲ್ ತುಂಬಿತ್ತು. ಪೈಪಿನ ಜಾಡು ಹಿಡಿದು ಬೆರಳಾಡಿಸಿಕೊಂಡು ಹೋದೆ. ಚೆಂಡುಹೂವಿನ ಮಾಲೆಯ ಅಡಿಯಲ್ಲಿ ಡೀಸೆಲ್ ಬಿಡುವ ಒಂದು ಪುಟ್ಟ ತಿರುಪು. ಬೆಳಿಗ್ಗೆ ಪೂಜೆಗೆ ನಿಲ್ಲಿಸುವಾಗ ಮುಚ್ಚಿದ್ದು, ಮುಚ್ಚಿಯೇ ಇತ್ತು. ತಿರುಗಿಸಿದೆ. ಕೀ ಹಾಕಿದೆ. ಜನರೇಟರ್ ಕೆಮ್ಮಿತು, ಮೈ ಕೊಡವಿತು, ಡುಗುಡುಗು ಅಂತ ಹತ್ತಿಕೊಂಡಿತು! ಸದ್ದು ಹದಕ್ಕೆ ಬರುವ ತನಕ ಕಾದು, ಎರಡೂ ಕೈಯಲ್ಲಿ ಜೋತುಬಿದ್ದು, ಆಫೀಸಿನ ಲೈನನ್ನು ಜನರೇಟರಿಗೆ ಬದಲಿಸುವ ದೊಡ್ಡ ಹಿಡಿ ಎಳೆದೆ. ಆಫೀಸಿನ ದೀಪಗಳು ಹತ್ತಿದವು. ಹದಿನಾರನೆಯ ನಿಮಿಷ.

ಕೈಯೆಲ್ಲ ಡೀಸೆಲು, ಸೀರೆಗೆ ಗ್ರೀಸು. ನಾನು ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದೆ. ಆಗ ಕಣ್ಣಿಗೆ ಬಿತ್ತು. ರಸ್ತೆಯಾಚೆಯ ಬೇಕರಿಯಲ್ಲಿ ಬಲ್ಬ್ ಉರಿಯುತ್ತಿದೆ. ಅದರ ಪಕ್ಕದ ಅಂಗಡಿಯಲ್ಲಿ ಫ್ಯಾನ್ ತಿರುಗುತ್ತಿದೆ.

“ಕರೆಂಟ್ ಎಲ್ಲೂ ಹೋಗಿಲ್ವಲ್ಲ!”

“ಮೇನ್ ಸ್ವಿಚ್ಚು ನಾನೇ ಇಳಿಸ್ದೆ” ಅಂದರು ಮಲ್ಲೇಶಪ್ಪ. “ಇಬ್ರು ಅವ್ರೆ ಅಂತ ಪೆಟ್ಟಿಗೇಲಿ ತೋರಿಸಿದ್ರಲ್ಲ. ನನಗೆ ಇನ್ನೊಬ್ರು ಎಲ್ಲವ್ರೆ ಅಂತ ಯೋಚ್ನೆ ಆಗ್ಬುಡ್ತು. ಎಷ್ಟು ಸಲ ಕೇಳ್ದೆ, ಒಬ್ರಾದ್ರೂ ಬಂದ್ರಾ ಕಲಿಯಕ್ಕೆ? ಹಿಂಗೇ ಬುಟ್ಟು ಹೋಗಿದ್ರೆ ಮನೇಲಿ ನನಗೆ ನಿದ್ದೆ ಬತ್ತಿತ್ತಾ?”

ಬಯ್ಯಬೇಕು ಅಂತಲೇ ಬಾಯಿ ತೆರೆದೆ. ಏನಂತ ಬಯ್ಯಲಿ? ಸರ್ವರ್ ಮೂರು, ಕಂಟ್ರೋಲರ್ ಎರಡು, ವೈರ್ ಎರಡೆರಡು ಅಂತ ಲೆಕ್ಕ ಹಾಕಿ ಹಾಕಿ ಇಟ್ಟವಳು ನಾನು. ಇಷ್ಟಕ್ಕೂ ಆಧಾರವಾಗಿದ್ದವರು ಒಬ್ಬರೇ ಒಬ್ಬರು. ಅವರು ಬಾಯಿಬಿಟ್ಟು ಕೇಳಿದಾಗ ಟೀ ಕುಡಿಯುತ್ತಿದ್ದವಳೂ ನಾನೇ. “ತಪ್ಪಾಯ್ತು ಮಲ್ಲೇಶಪ್ನೋರೆ” ಅಂದೆ. ಮನಸಾರೆ ಅಂದೆ.

“ತಪ್ಪೇನ್ ಬುಡಿ. ಹಚ್ಚಿದ್ರಲ್ಲ!” ಅವರು ತಟ್ಟೆಯಲ್ಲಿ ಉಳಿದಿದ್ದ ಕುಂಕುಮಕ್ಕೆ ಬೆರಳದ್ದಿ, ವಿಭೂತಿಯ ನಡುವೆ ತಾವೇ ಒಂದು ಬೊಟ್ಟು ಇಟ್ಟುಕೊಂಡರು. “ಈಗ ಇಟ್ಕಬೋದು.”

ನಮ್ಮ ಹಿರಿಯರು ಈ ಹಬ್ಬ ಮಾಡಿದ್ದು ಯಾಕೋ ನನಗೆ ಗೊತ್ತಿಲ್ಲ. ಡೇಟಾ ಸೆಂಟರಿನವರು ಹಣ ಸುರಿದು, ನೋಟಿಸ್ ಹಾಕಿ, ಕಾನ್ಫರೆನ್ಸ್ ಕರೆದು ಮಾಡುವ ಪರೀಕ್ಷೆ ಇದೇ ಅನ್ನುವುದು ಮಾತ್ರ ಗೊತ್ತು. ವರ್ಷಕ್ಕೊಮ್ಮೆ ಒಂದೊಂದನ್ನೂ ನಿಲ್ಲಿಸಿ ನೋಡುವುದು. ಉಳಿದವು ನಡೆಯುತ್ತವೆಯೇ, ನಿಂತದ್ದು ಮತ್ತೆ ಏಳುತ್ತದೆಯೇ ಅಂತ ನೋಡುವುದು. ನಾವು ಪುರಿ ತಿಂದು ಹಾರ ಹಾಕಿ ಮುಗಿಸಿಬಿಡುತ್ತೇವೆ. ನಿಲ್ಲಿಸುವುದನ್ನೇ ಮರೆಯುತ್ತೇವೆ.

ವಿಜಯದಶಮಿಯ ಮರುದಿನದಿಂದ ಶೆಡ್ಡಿನಲ್ಲಿ ಪಾಠ ಶುರುವಾಗಿದೆ. ನಾನು, ಸ್ಟೋರಿನ ಕ್ಲರ್ಕು, ಕುತೂಹಲ ತಡೆಯಲಾರದೆ ಬಂದ ಮ್ಯಾನೇಜರ್ ಸಾಹೇಬರು. ಸಾಹೇಬರು ಇನ್ನೂ ಫೇಲು. ಮಲ್ಲೇಶಪ್ಪನವರಂತೂ ಕೈ ಹಿಂದೆ ಕಟ್ಟಿಕೊಂಡು ಹೆಡ್‌ಮಾಸ್ಟರಂತೆ ಓಡಾಡುತ್ತಿದ್ದಾರೆ. ಅವರನ್ನು ಇಷ್ಟು ಖುಷಿಯಾಗಿ ನಾನು ಯಾವತ್ತೂ ನೋಡಿರಲಿಲ್ಲ.

ಪೂಜೆಯ ದಿನ ಸಂಜೆ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. “ನಾಳೆ ನಾನು ನಿಂತಿರೋ ಮಷೀನು.” ಗಂಡ ಪೇಪರಿನಿಂದ ತಲೆ ಎತ್ತಿ ಕೇಳಿದ ಮೊದಲ ಪ್ರಶ್ನೆ, “ಸಕ್ಕರೆ ಡಬ್ಬ ಎಲ್ಲಿದೆ?”

ಸರಿ, ನೀವು ಹೇಳಿ. ನಿಮ್ಮ ಮನೆಯಲ್ಲಿ ಒಂದು ದಿನವೂ ನಿಲ್ಲಿಸಿ ನೋಡದೆ ಓಡಿಸುತ್ತಿರುವುದು ಯಾರನ್ನು?